ಮಗಳು ರಜಕ್ಕೆ ಬಂದವ್ಳೆ

ಮೇಲಿಂದ ಇಳಿಯುವುದು ಕಷ್ಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಹಿಮದ ಮೇಲೆ, ಮರಳಿನ ಮೇಲೆ, ಒಮ್ಮೆ ಯಾರದೋ ಆಲೂಗಡ್ಡೆ ಹೊಲದ ಮೇಲೂ ಹೆಲಿಕಾಪ್ಟರ್ ಇಳಿಸಿದ್ದೇನೆ. ಕಷ್ಟ ಇರುವುದು ಇಳಿದ ಮೇಲೆ, ತುಮಕೂರಿನಲ್ಲಿ, ಹಾಲಿನ ಬೂತ್ ಮುಂದೆ ನಿಂತಾಗ "ಮುಂದೇನಮ್ಮ?" ಅಂತ ಕೇಳುವವರಿಗೆ ಉತ್ತರ ಹೇಳುವುದರಲ್ಲಿ. ಆ ಪ್ರಶ್ನೆ ಬೀದಿಯಲ್ಲಿ ಓಡಾಡಿಕೊಂಡಿರುವ ತನಕ ನನಗೆ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ.

ನಾನು ಗುಬ್ಬಿಯಲ್ಲಿ ಹುಟ್ಟಿದವಳು. ಅಪ್ಪ ಬೇಗ ತೀರಿಕೊಂಡರು. ಅಮ್ಮ ಹೊಲಿಗೆ ಮೆಷಿನ್ ತುಳಿದು ಸಾಕಿದಳು. ಶಾಲೆ ಕನ್ನಡದ್ದು, ಇಂಗ್ಲಿಷನ್ನು ಊರ ಗ್ರಂಥಾಲಯದಲ್ಲಿ ಕೂತು, ಮೊದಲ ಹಾಳೆಗಳೇ ಇಲ್ಲದ ಒಂದು ನಿಘಂಟು ಇಟ್ಟುಕೊಂಡು ನಾನೇ ಕಲಿತೆ. ನಿಘಂಟಿನ ಶುರುವಿನ ಹಾಳೆಗಳು ಹರಿದಿದ್ದರಿಂದ ಮೊದಲ ಅಕ್ಷರದ ಪದಗಳು ನನಗೆ ಇವತ್ತಿಗೂ ಸ್ವಲ್ಪ ಕಷ್ಟ. ಯಾರ ಮನೆಗೂ ಟ್ಯೂಷನ್ನಿಗೆ ಹೋದವಳಲ್ಲ, ಅದನ್ನು ಹೇಳಿಕೊಳ್ಳುವುದಕ್ಕೆ ಸಂಕೋಚವೂ ಇಲ್ಲ. ವಾಯುಪಡೆಯ ಅಲ್ಪಾವಧಿ ಸೇವೆಗೆ ಸೇರಿ ಹದಿನಾಲ್ಕು ವರ್ಷ ಹೆಲಿಕಾಪ್ಟರ್ ಹಾರಿಸಿದೆ. ಅವಧಿ ಮುಗಿಯಿತು. ಹೆಲ್ಮೆಟ್ ವಾಪಸ್ ಕೊಟ್ಟು, ಟ್ರಂಕು ಹಿಡಿದುಕೊಂಡು ತುಮಕೂರಿನಲ್ಲಿ ನಾನೇ ಕಟ್ಟಿಸಿದ ಮನೆಗೆ, ಅಮ್ಮನ ಹತ್ತಿರ ಬಂದೆ. ವಯಸ್ಸು ಮೂವತ್ತೇಳು. ಇನ್ನು ಏನಾದರೂ ಓದಬೇಕು, ಏನಾದರೂ ಕೆಲಸ ಹಿಡಿಯಬೇಕು.

ಮತ್ತೆ ಹಾರುವುದಕ್ಕೆ ದಾರಿ ಇಲ್ಲದೆ ಇಲ್ಲ. ಖಾಸಗಿ ಕಂಪನಿಗಳ ಹೆಲಿಕಾಪ್ಟರ್ ಇವೆ. ಆದರೆ ಅದಕ್ಕೆ ನಾಗರಿಕ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕು, ಪರೀಕ್ಷೆಗೆ ಇಪ್ಪತ್ತು ವರ್ಷದ ಹುಡುಗರ ಪಕ್ಕದ ಬೆಂಚಿನಲ್ಲಿ ಕೂರಬೇಕು. ಹಾರಾಟ ನಿಂತು ಬಹಳ ದಿನ ಆದರೆ ಕೈಯೂ ಮರೆಯುತ್ತದೆ, ಕಂಪನಿಯವರೂ ಮರೆಯುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಮೋಡಗಳ ಸಂದಿಯಲ್ಲಿ ನುಸುಳಿ ಗಾಯಾಳುಗಳನ್ನು ಹೊತ್ತು ತಂದವಳಿಗೆ ಈಗ ಮೋಡ ಅಂದರೇನು ಅಂತ ಪರೀಕ್ಷೆಯೇ? ಬರೆಯೋಲ್ಲ ಅಂತ ಹಠ ಹಿಡಿದು ಕೆಳಗೆ ಕೂತೆ. ಆಕಾಶವೂ ಅಷ್ಟೇ ಹಠ ಹಿಡಿದು ಮೇಲೆ ಕೂತಿತ್ತು.

೧. ಶಾಲು ಮತ್ತು ಪೇಟ

ಅಮ್ಮ ಬೀದಿಯಲ್ಲಿ ಎಲ್ಲರಿಗೂ "ಮಗಳು ರಜಕ್ಕೆ ಬಂದವ್ಳೆ" ಅಂತಲೇ ಹೇಳುತ್ತಿದ್ದಳು. ಮೊದಲ ತಿಂಗಳು ಸುಮ್ಮನಿದ್ದೆ. ಆಮೇಲೆ ತಡೆಯಲಾಗಲಿಲ್ಲ.

"ಸುಳ್ಳು ಯಾಕಮ್ಮ ಹೇಳ್ತೀಯ? ರಿಟೈರ್ ಆಗಿದಾಳೆ ಅಂತ ಹೇಳು."

"ನೀನು ಸುಮ್ನಿರೇ, ನಿಂಗೇನೂ ಗೊತ್ತಾಗಲ್ಲ."

ನಾನು ಸುಮ್ಮನಿರುವ ಜಾತಿಯಲ್ಲ. ಹಾಲಿನ ಬೂತ್ ಮುಂದೆ ನಿಂತು ನಾಲ್ಕು ಜನರಿಗೆ ಕೇಳುವ ಹಾಗೆ "ರಿಟೈರ್ ಆದೆ" ಅಂದುಬಿಟ್ಟೆ. ಆ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ನಿವೃತ್ತ ನೌಕರರ ಸಂಘ ಇಡಿಯಾಗಿ ನಮ್ಮ ಗೇಟಿನ ಮುಂದೆ ನಿಂತಿತ್ತು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು; ಒಂದು ಕಾಲದಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು, ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುವುದು. ಅವರ ಕೈಯಲ್ಲಿ ಶಾಲು. ಕಾರ್ಯದರ್ಶಿಯ ಕೈಯಲ್ಲಿ ಮೈಸೂರು ಪೇಟ. ಅದರ ಹಿಂದೆ ಹಣ್ಣಿನ ಬುಟ್ಟಿ.

ನನ್ನನ್ನು ನನ್ನ ಮನೆಯ ಕುರ್ಚಿಯಲ್ಲೇ ಕೂರಿಸಿ ಪೇಟ ತೊಡಿಸಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ದೇಶಸೇವೆ ಮಾಡಿ ದಣಿದು ಬಂದಿದೀರಿ. ಇನ್ನು ಉಳಿದ ಕಾಲವನ್ನ ನೆಮ್ಮದಿಯಿಂದ ಕಳೀಬೇಕು" ಅಂದರು.

"ಸಾರ್, ನನಗಿನ್ನೂ ಮೂವತ್ತೇಳು."

"ಸಂಘದಲ್ಲಿ ಚಿಕ್ಕೋರು ದೊಡ್ಡೋರು ಅನ್ನೋ ಭೇದ ಇಲ್ಲ ಕಣಮ್ಮ."

ಕಾರ್ಯದರ್ಶಿಗಳು ನನ್ನ ಪಕ್ಕ ಕೂತು ಮೆಲ್ಲಗೆ ವಿಚಾರಿಸಿದರು. "ಬಿಪಿ ಇದೆಯಾ?"

"ಇಲ್ಲ ಸಾರ್."

"ಶುಗರ್ರು?"

"ಇಲ್ಲ."

"ಮಂಡಿ ನೋವು?"

"ಇಲ್ಲ."

ಅವರ ಮುಖ ಸಣ್ಣದಾಯಿತು. ಸಂಘದ ಮಾತುಕತೆಯಲ್ಲಿ ನಾನು ಹೇಗೆ ಸೇರಿಕೊಳ್ಳುತ್ತೇನೆ ಅನ್ನುವ ಚಿಂತೆ. ಆಮೇಲೆ ನನ್ನ ಭುಜ ತಟ್ಟಿ ಸಮಾಧಾನ ಹೇಳಿದರು. "ಬರುತ್ತೆ ಬಿಡಿ."

ಹೋಗುವಾಗ ಕಣ್ಣಿನ ಪೊರೆ ತಪಾಸಣೆ ಶಿಬಿರಕ್ಕೆ ನನ್ನನ್ನೇ ಮೊದಲು ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟರು. ಪೈಲಟ್ಟಿಗೆ ಕಣ್ಣು ಮುಖ್ಯವಂತೆ.

ಅವರೆಲ್ಲ ಗೇಟು ದಾಟಿದ ಮೇಲೆ ಅಮ್ಮ ಶಾಲು ಮಡಿಸುತ್ತಾ ಅಂದಳು: "ನಾನು ಬಡ್ಕೊಂಡೆ, ರಜ ಅಂತ ಹೇಳು ಅಂತ. ರಜಕ್ಕೆ ಬಂದೋರಿಗೆ ಯಾರೂ ಶಾಲು ಹೊದಿಸಲ್ಲ."

೨. ಉಲ್ಟಾ ಸುತ್ತು

ಹೆಲಿಕಾಪ್ಟರ್ ಹತ್ತುವ ಮುಂಚೆ ಅದರ ಸುತ್ತ ಒಂದು ಸುತ್ತು ಬಂದು, ಚಕ್ರ ಮುಟ್ಟಿ, ಎಣ್ಣೆ ಸೋರಿದೆಯಾ ನೋಡಿ, ಬಾಗಿಲ ಚಿಲಕ ಎಳೆದು, ಕೊನೆಗೆ ತಲೆ ಎತ್ತಿ ಮೇಲಿನ ರೆಕ್ಕೆಗಳನ್ನು ನೋಡಬೇಕು. ಹದಿನಾಲ್ಕು ವರ್ಷ ಮಾಡಿದ್ದು ರಕ್ತಕ್ಕೆ ಇಳಿದಿದೆ. ಈಗ ಅಮ್ಮನ ಹಳೇ ಸ್ಕೂಟರ್ ತೆಗೆಯುವಾಗಲೂ ನನ್ನ ಕಾಲು ತಾನೇ ಸುತ್ತು ಹಾಕುತ್ತದೆ.

ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೆಲವು ದಿನ ನೋಡಿದರು. ಒಂದು ದಿನ ತಡೆಯಲಾರದೆ ಕರೆದರು.

"ಅಲ್ಲ ಕಣಮ್ಮ, ದಿನಾ ಗಾಡಿಗೆ ಪ್ರದಕ್ಷಿಣೆ ಹಾಕ್ತೀಯ, ಸಂತೋಷ. ಆದ್ರೆ ಉಲ್ಟಾ ಸುತ್ತುತೀಯಲ್ಲ! ಅದಕ್ಕೇ ನಿಂಗೆ ಕೆಲಸ ಕೂಡಿ ಬರ್ತಿಲ್ಲ."

"ಅಜ್ಜಿ, ಇದು ಪ್ರದಕ್ಷಿಣೆ ಅಲ್ಲ. ಹೆಲಿಕಾಪ್ಟರಿಗೆ ಹೀಗೇ ಸುತ್ತಬೇಕು."

"ಹಾರೋದಕ್ಕೆ ಉಲ್ಟಾ ಸರಿಹೋಗಬೋದು. ನೆಲದ ಮೇಲೆ ಓಡೋದಕ್ಕೆ ಸೀದಾನೇ ಸುತ್ತಬೇಕು."

ನಾನು ಬದಲಾಯಿಸಲಿಲ್ಲ. ಅಜ್ಜಿಯೂ ಬಿಡಲಿಲ್ಲ. ಮಾರನೇ ದಿನದಿಂದ ನಾನು ಒಂದು ಸುತ್ತು ಉಲ್ಟಾ ಬರುವುದು, ನನ್ನ ಹಿಂದೆಯೇ ಅಜ್ಜಿ ಕೋಲೂರಿಕೊಂಡು ಒಂದು ಸುತ್ತು ಸೀದಾ ಬಂದು ನನ್ನ ಸುತ್ತನ್ನು ವಜಾ ಮಾಡುವುದು. ಅವರಿಗೆ ಮಂಡಿ ನೋವು. ಅವರ ಸುತ್ತು ಮುಗಿಯುವ ತನಕ ನಾನು ಹೆಲ್ಮೆಟ್ ಹಾಕಿಕೊಂಡು ಕಾಯಬೇಕು.

ಕೊನೆಯಲ್ಲಿ ನಾನು ತಲೆ ಎತ್ತಿ ನೋಡುತ್ತೇನೆ. ಅದೂ ಅಭ್ಯಾಸ. ಅಜ್ಜಿಯೂ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ.

"ಏನಮ್ಮ ಐತೆ ಅಲ್ಲಿ?"

"ಏನೂ ಇಲ್ಲ ಅಜ್ಜಿ."

"ಏನೂ ಇಲ್ಲದ್ದನ್ನ ದಿನಾ ನೋಡ್ತೀಯಲ್ಲ!"

ನಾನು ಗಡಿಬಿಡಿಯಲ್ಲಿ ಇನ್ನೊಂದು ಸುತ್ತು ಬಂದೆ. ಸ್ಕೂಟರಿಗೆ ಕಿಕ್ ಹೊಡೆದೆ. ಸ್ಟಾರ್ಟ್ ಆಗಲಿಲ್ಲ. ಅಜ್ಜಿ ಹಿಂದಿನಿಂದ ಕೂಗಿದರು: "ನೋಡಿದ್ಯಾ, ಇವತ್ತು ನೀನು ಎರಡು ಸುತ್ತು ಬಂದೆ, ನಾನು ಒಂದೇ ಬಂದಿದ್ದು!"

೩. ಧೈರ್ಯ ಸಾಲದು

ಮುಂದೆ ಏನು ಓದಿದರೆ ಒಳ್ಳೆಯದು ಅಂತ ಸಲಹೆ ಕೊಡುವ ಅಂಗಡಿಗಳು ತುಮಕೂರಿನಲ್ಲಿ ಬೇಕಾದಷ್ಟಿವೆ. ಮ್ಯಾನೇಜ್‌ಮೆಂಟ್ ಓದಲಾ, ಕಾನೂನು ಓದಲಾ, ಬಿ.ಎಡ್. ಮಾಡಿ ಮಕ್ಕಳಿಗೆ ಪಾಠ ಹೇಳಲಾ ಅಂತ ತೂಗಾಡುತ್ತಿದ್ದವಳು ಅಂಥದೊಂದಕ್ಕೆ ಹೋದೆ. ಒಳಗೆ ಇನ್ನೂ ಮೀಸೆ ಕಪ್ಪಾಗುತ್ತಿದ್ದ ಸಲಹೆಗಾರ. ನನ್ನನ್ನು "ಆಂಟಿ" ಅಂದ, ನಾನು ನೋಡಿದ ನೋಟಕ್ಕೆ "ಮೇಡಂ" ಅಂತ ತಿದ್ದಿಕೊಂಡ.

"ಮೊದಲು ನಿಮ್ಮ ಸ್ವಭಾವ ಏನು ಅಂತ ನೋಡೋಣ ಮೇಡಂ. ಕಂಪ್ಯೂಟರ್ರೇ ಹೇಳುತ್ತೆ."

ಕಂಪ್ಯೂಟರ್ ಪ್ರಶ್ನೆ ಕೇಳಿತು. ಅಪಾಯ ಎದುರಾದರೆ ನುಗ್ಗುತ್ತೀರಾ, ಹಿಂದೆ ಸರಿಯುತ್ತೀರಾ? ಹಿಂದೆ ಸರಿಯುತ್ತೇನೆ. ಮೋಡ ಕವಿದರೆ ಯಾವ ಬುದ್ಧಿ ಇರುವ ಪೈಲಟ್ಟೂ ಹಿಂತಿರುಗುತ್ತಾನೆ. ನುಗ್ಗಿದವರ ಫೋಟೋಗಳು ಹಾರ ಹಾಕಿಸಿಕೊಂಡು ಗೋಡೆಯ ಮೇಲಿವೆ. ಹೊಸ ದಾರಿ ಇಷ್ಟವೋ, ಗೊತ್ತಿರುವ ದಾರಿಯೋ? ಗೊತ್ತಿರುವ ದಾರಿ. ಒಂದು ಕೆಲಸ ಮಾಡುವ ಮುಂಚೆ ಎಷ್ಟು ಸಲ ಪರೀಕ್ಷಿಸುತ್ತೀರಿ? ಆದಷ್ಟು ಸಲ. ಎಲ್ಲಕ್ಕೂ ನಿಜವನ್ನೇ ಒತ್ತಿದೆ.

ಫಲಿತಾಂಶ ಬಂತು. ಹುಡುಗ ಅದನ್ನು ಓದಿ, ಹೇಗೆ ಹೇಳುವುದು ಅಂತ ಸ್ವಲ್ಪ ಹೊತ್ತು ಕುರ್ಚಿಯಲ್ಲೇ ಮಿಸುಕಾಡಿದ.

"ಬೇಜಾರು ಮಾಡ್ಕೋಬೇಡಿ ಮೇಡಂ. ನಿಮಗೆ ಸ್ವಭಾವದಲ್ಲೇ ಸ್ವಲ್ಪ ಪುಕ್ಕಲುತನ ಇದೆ. ಸಾಹಸದ ಕೆಲಸ ಆಗಲ್ಲ. ಗ್ರಂಥಾಲಯ, ಇಲ್ಲಾಂದ್ರೆ ಬ್ಯಾಂಕು, ಅಂಥ ಕಡೆ ನೋಡಿ."

ಆಮೇಲೆ ನನ್ನ ಪೆಚ್ಚು ಮುಖ ನೋಡಿ ಪಾಪ ಅನ್ನಿಸಿತೇನೋ, ಧೈರ್ಯ ತುಂಬುವುದಕ್ಕೆ ಒಂದು ಸಲಹೆಯನ್ನೂ ಕೊಟ್ಟ. "ವಾರಕ್ಕೊಂದ್ಸಲ ದೇವರಾಯನದುರ್ಗದ ಬೆಟ್ಟ ಹತ್ತಿ ಮೇಡಂ. ಎತ್ತರದ ಭಯ ಹೋಗುತ್ತೆ."

೪. ವಸಂತನರಸಾಪುರದ ಗೇಟು

ಹೊರಟವರನ್ನು "ಎಲ್ಲಿಗೆ?" ಅಂತ ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಅಂತ ಅಮ್ಮನ ನಂಬಿಕೆ. ನಮ್ಮ ಕಡೆ ಹಳಬರು ಎಲ್ಲರೂ ಅಷ್ಟೇ, "ದೂರಾನಾ?" ಅಂತ ಮಾತ್ರ ಕೇಳುತ್ತಾರೆ. ಹದಿನಾಲ್ಕು ವರ್ಷ ಅಮ್ಮ ಫೋನಿನಲ್ಲಿ ಇದೊಂದನ್ನೇ ಕೇಳಿದ್ದು. ನಾನೂ ಪ್ರತಿ ಸಲ "ಇಲ್ಲೇ ಹತ್ತಿರ ಅಮ್ಮ" ಅನ್ನುತ್ತಿದ್ದೆ. ಲಡಾಖಿಗೆ ಹೊರಟಾಗಲೂ ಇಲ್ಲೇ ಹತ್ತಿರ.

ಆವತ್ತು ನಿಜವಾಗಿ ಹತ್ತಿರವೇ ಹೊರಟಿದ್ದೆ. ವಸಂತನರಸಾಪುರದಲ್ಲಿ ಒಂದು ಕಾರ್ಖಾನೆ, ಆಡಳಿತದ ಕೆಲಸ ಇದೆ ಅಂತ ಯಾರೋ ಹೇಳಿದ್ದರು. ಮಾಲೀಕರು ಒಳ್ಳೆಯ ಮನುಷ್ಯ. ಕಾಫಿ ತರಿಸಿದರು.

"ಮಿಲ್ಟ್ರಿಯವರು ಅಂದ್ರೆ ನನಗೆ ಬಾಳ ಗೌರವ ಮೇಡಂ. ಶಿಸ್ತು ಅಂದ್ರೆ ಮಿಲ್ಟ್ರಿ. ನಮ್ಮಲ್ಲಿ ಸೆಕ್ಯುರಿಟೀಲಿ ಒಂದು ಜಾಗ ಐತೆ. ಹಿಂದಿನ ಗೇಟು. ಲಾರಿಗಳು ಬರೋದು ಹೋಗೋದು ನೋಡ್ಕೋಬೇಕು."

"ಸಾರ್, ನಾನು ಗೇಟು ಕಾದವಳಲ್ಲ. ಹೆಲಿಕಾಪ್ಟರ್ ಹಾರಿಸ್ತಿದ್ದೆ."

"ಹೌದಾ! ನೀವೇ ಹಾರಿಸ್ತಿದ್ರಾ?"

"ನಾನೇ."

"ಒಬ್ರೇ?"

"ಪಕ್ಕದಲ್ಲಿ ಇನ್ನೊಬ್ಬರು ಇರ್ತಿದ್ರು. ಆದ್ರೆ ಕ್ಯಾಪ್ಟನ್ ನಾನೇ."

ಅವರಿಗೆ ನಿಜವಾಗಿಯೂ ಸಂಕೋಚವಾಯಿತು. ಕಾಫಿ ಲೋಟ ಕೆಳಗಿಟ್ಟು, ಎರಡೂ ಕೈ ಮುಗಿದು, "ತಪ್ಪು ತಿಳ್ಕೋಬೇಡಿ ಮೇಡಂ, ನನಗೆ ಗೊತ್ತಿರ್ಲಿಲ್ಲ" ಅಂದರು. ಎದ್ದು ಹೋಗಿ ಕಿಟಕಿಯಾಚೆ ಇಣುಕಿದರು. ಕೊನೆಗೆ ಮೇಜು ತಟ್ಟಿ ತೀರ್ಮಾನ ಹೇಳಿದರು.

"ಹಂಗಾದ್ರೆ ಹಿಂದಿನ ಗೇಟು ಬೇಡ್ವೇ ಬೇಡ. ನಿಮಗೆ ಮುಂದಿನ ಗೇಟೇ ಕೊಡ್ತೀನಿ."

೫. ಯಾವ ಸೈಜಿಂದು?

ಗುಬ್ಬಿ ಹತ್ತಿರ ನಮ್ಮ ಸೋದರಮಾವನ ಹೊಲ. ಈಗ ಆ ಕಡೆ ಹೆಲಿಕಾಪ್ಟರ್ ಕಾರ್ಖಾನೆ ಬಂದಿರುವುದರಿಂದ ಮಾವನಿಗೆ ನನ್ನ ಭವಿಷ್ಯದ ಬಗ್ಗೆ ಯಾವ ಅನುಮಾನವೂ ಇಲ್ಲ.

"ಅಲ್ಲ ಮಗ, ಊರೆಲ್ಲ ಅಲೀತೀಯ, ಇಲ್ಲೇ ಹೆಲಿಕಾಪ್ಟ್ರು ಮಾಡ್ತಾರಲ್ಲ! ಅಷ್ಟು ಮಾಡೋರು ನಮ್ಮ ಹುಡುಗೀಗೆ ಒಂದು ಕೊಟ್ರೆ ಅವರ ಗಂಟೇನು ಹೋಯ್ತದೆ?"

"ಮಾವ, ಅದು ಹಂಗೆ ಕೊಡೋದಲ್ಲ. ನನ್ನ ಹತ್ರ ಲೈಸೆನ್ಸಿಲ್ಲ."

"ಲೈಸನ್ ಆಮೇಲೆ ಮಾಡಿಸ್ಕಂಡ್ರಾಯ್ತು ಬುಡು. ನಿಮ್ಮತ್ತೆ ತಮ್ಮ ಹದಿನೈದು ವರ್ಷ ಲೈಸನ್ ಇಲ್ದೆ ಟ್ರ್ಯಾಕ್ಟ್ರು ಹೊಡೆದವ್ನೆ. ನಂಗೊಬ್ಬ ಗೊತ್ತಿರೋ ಮನುಷ್ಯ ಅವ್ನೆ, ಅವ್ನು ಎಲ್ಲಾ ಕಡೆ ಓಡಾಡ್ತಾನೆ."

ಗೊತ್ತಿರುವ ಮನುಷ್ಯ ಸಂಜೆಗೆ ಬಂದ. ನೀರಿನ ಟ್ಯಾಂಕರ್ ಓಡಿಸುವವನು. ಎಲ್ಲೆಲ್ಲಿ ಕಟ್ಟಡ ಏಳುತ್ತದೋ ಅಲ್ಲೆಲ್ಲ ಇವನು ನೀರು ಹೊಡೆಯುತ್ತಾನೆ, ಹಾಗಾಗಿ ಎಲ್ಲರೂ ಅವನಿಗೆ ಬೇಕಾದವರು. ಹೊಲದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ವ್ಯವಹಾರಕ್ಕೇ ಇಳಿದ.

"ಅಕ್ಕ, ನಿಮಗೆ ಯಾವ ಸೈಜಿಂದು ಬೇಕು?"

ನಾನು ಉತ್ತರ ಹೇಳುವುದರೊಳಗೆ ಬೆಳ್ಳಾವಿ ಕಡೆಯ ಆಕಾಶದಲ್ಲಿ ಸದ್ದು ಕೇಳಿತು. ಹೆಲಿಕಾಪ್ಟರ್ ಒಂದು ದೂರದಲ್ಲಿ, ತೆಂಗಿನ ತಲೆಗಳ ಮೇಲೆ, ಬಿಸಿಲಲ್ಲಿ ಹೊಳೆಯುತ್ತಾ ಹೋಗುತ್ತಿತ್ತು. ನಾನು ಮಾತು ಬಿಟ್ಟು ನಿಂತೆ. ಅದು ಎಷ್ಟು ಭಾರ ಹೊತ್ತಿದೆ, ಗಾಳಿ ಯಾವ ಕಡೆಯಿಂದ ಹೊಡೆಯುತ್ತಿದೆ, ಒಳಗೆ ಕೂತವನು ಈಗ ಏನು ಮಾಡುತ್ತಿದ್ದಾನೆ ಎಲ್ಲ ಮೈಗೆ ತಿಳಿಯುತ್ತಿತ್ತು. ಹೆಲಿಕಾಪ್ಟರ್ ಮೇಲೇರಬೇಕಾದರೆ ಎಡಗೈಯಲ್ಲಿರುವ ಲಿವರನ್ನು ಮೇಲಕ್ಕೆ ಎತ್ತಬೇಕು. ಅದು ಕಣ್ಣಿಗೆ ಕಾಣದಾದ ಮೇಲೂ ನಾನು ನಿಂತೇ ಇದ್ದೆ.

ಮಾವ ಮೆಲ್ಲಗೆ ಕೇಳಿದರು: "ಮಗ, ಎಡಗೈ ಯಾಕೆ ಹಂಗೆ ಮೇಲಕ್ಕೆ ಎತ್ತುತಾ ಇದೀಯ?"

ನೋಡಿಕೊಂಡೆ. ಸೊಂಟದ ಪಕ್ಕದಲ್ಲಿ ಮುಷ್ಟಿ ಕಟ್ಟಿದ ಎಡಗೈ ಅರ್ಧ ಎದ್ದು ನಿಂತಿತ್ತು. ಅದನ್ನು ಇಳಿಸುವುದು ಮರೆತು ಮತ್ತೆ ಆಕಾಶದ ಕಡೆಗೇ ತಿರುಗಿದೆ.

ಟ್ಯಾಂಕರಿನವನು ನನ್ನ ಕೈಯಿಂದ ನೆಲಕ್ಕೆ ಎಷ್ಟು ಎತ್ತರ ಅಂತ ಕಣ್ಣಲ್ಲೇ ಅಳೆದು ತಲೆ ಆಡಿಸಿದ. "ಗೊತ್ತಾಯ್ತು ಬುಡಿ ಅಕ್ಕ. ಚಿಕ್ಕದೇ ಸಾಕು."

೬. ಕುಣಿಗಲ್ಲಿನ ಮೈದಾನ

ಆ ಟ್ಯಾಂಕರಿನವನನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಒಂದು ದಿನ ಅವನ ಫೋನ್ ಬಂತು.

"ಅಕ್ಕ, ಕುಣಿಗಲ್ಲಲ್ಲಿ ದೊಡ್ಡ ಲೀಡ್ರು ಮೀಟಿಂಗು. ಹೆಲಿಕಾಪ್ಟ್ರಲ್ಲಿ ಬರ್ತಾರೆ. ಧೂಳು ಏಳದಂಗೆ ಮೈದಾನಕ್ಕೆ ನೀರು ಹೊಡೆಯೋನು ನಾನೇ. ಬನ್ನಿ, ಪಕ್ಕದಲ್ಲೇ ನಿಲ್ಸಿ ತೋರಿಸ್ತೀನಿ. ನೋಡದೆ ತಗೋಬಾರ್ದು."

ಹೋಗಬಾರದು ಅಂದುಕೊಂಡೆ. ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಕೂತು ಹೋದೆ.

ನೀರು ಹೊಡೆದ ಮಣ್ಣಿನ ವಾಸನೆ, ಸುಣ್ಣದಲ್ಲಿ ಬರೆದ ವೃತ್ತ, ಹಗ್ಗದ ಆಚೆ ಜನವೋ ಜನ. ಹೆಲಿಕಾಪ್ಟರ್ ಬಂತು, ಇಳಿಯಿತು. ಇಳಿಸಿದ ರೀತಿ ನೋಡಿಯೇ ನನಗೆ ಅನುಮಾನ ಬಂತು. ಕೊನೇ ಕ್ಷಣದಲ್ಲಿ ಮೂಗನ್ನು ಒಂದಿಷ್ಟು ಎಡಕ್ಕೆ ತಿರುಗಿಸುವ ಚಾಳಿ ನನ್ನ ಕೈಕೆಳಗೆ ಕಲಿತ ಒಬ್ಬನಿಗೆ ಮಾತ್ರ ಇತ್ತು. ಎಷ್ಟು ಬೈದರೂ ಬಿಟ್ಟಿರಲಿಲ್ಲ. ರೆಕ್ಕೆ ನಿಂತಿತು, ಬಾಗಿಲು ತೆರೆಯಿತು, ಅವನೇ ಇಳಿದ. ನಮ್ಮ ಹಾಸನದ ಹುಡುಗ, ಈಗ ಕಂಪನಿಯ ಬಿಳಿ ಅಂಗಿಯಲ್ಲಿ. ನನ್ನನ್ನು ಕಂಡವನೇ ಲೀಡರನ್ನು ಅಲ್ಲೇ ಬಿಟ್ಟು ಓಡಿ ಬಂದು ಅಟೆನ್ಷನ್ನಿನಲ್ಲಿ ನಿಂತು ಸೆಲ್ಯೂಟ್ ಹೊಡೆದ.

ಅಷ್ಟೇ. ಪೈಲಟ್ಟೇ ಸೆಲ್ಯೂಟ್ ಹೊಡೆಯಬೇಕಾದರೆ ಈಯಮ್ಮ ಯಾರೋ ಭಾರೀ ಮನುಷ್ಯಳಿರಬೇಕು ಅಂತ ಕಾರ್ಯಕರ್ತರಿಗೆ ಅನ್ನಿಸಿತು. ಒಬ್ಬ ನನಗೆ ಶಾಲು ಹೊದಿಸಿದ. ಇನ್ನೊಬ್ಬ ಪೇಟ ಇಟ್ಟ. ಆ ವರ್ಷ ಅದು ಎರಡನೇದು. ಲೀಡರೂ ಬಂದು ಕೈ ಮುಗಿದರು.

"ಚೆನ್ನಾಗಿದೀರಾ ಅಮ್ಮ? ಈ ಸಲ ನಿಮ್ಮ ಕಡೆಯೋರೆಲ್ಲ ನಮ್ಮ ಜೊತೆ ಇರಬೇಕು."

"ನಮ್ಮ ಕಡೆ ಇರೋದು ನಾನೊಬ್ಬಳೇ ಸಾರ್."

"ಒಬ್ಬರಾದ್ರೇನು, ಒಗ್ಗಟ್ಟಾಗಿರಿ" ಅಂದು ವೇದಿಕೆಯ ಕಡೆ ಹೊರಟರು. ಜನ ಅವರ ಹಿಂದೆ ಹರಿಯಿತು.

ನಾವಿಬ್ಬರೇ ಉಳಿದೆವು. ಹುಡುಗ ಕೇಳಿದ: "ಮೇಡಂ, ನೀವು ಯಾವಾಗ ಬರ್ತೀರ? ನಮ್ಮ ಕಂಪನೀಲಿ ಜನ ಹುಡುಕ್ತಿದಾರೆ. ಪರೀಕ್ಷೆ ಬರೆದ್ರಾ?"

"ನಿನಗೆ ಕಲಿಸಿದವಳು ಕಣೋ ನಾನು. ನಾನು ಪರೀಕ್ಷೆ ಬರೀಬೇಕಾ?"

"ನಾನು ಮೊದಲನೇ ಸಲಕ್ಕೇ ಪಾಸಾದೆ ಮೇಡಂ." ಅವನು ಹೆಲಿಕಾಪ್ಟರಿನ ಗಾಜು ಒರೆಸುವ ಹಾಗೆ ನಟಿಸುತ್ತಾ ಮುಂದುವರಿಸಿದ: "ಫೇಲಾಗಿಬಿಟ್ರೆ ಅಂತ ಭಯ ಇರಬೋದು ನಿಮಗೆ. ಸಹಜ."

ನನ್ನ ಕಿವಿ ಬಿಸಿಯಾಯಿತು. ಇಡೀ ತುಮಕೂರು ಜಿಲ್ಲೆ ಸೇರಿ ಮಾಡಲಾಗದ್ದನ್ನು ಆ ಒಂದು ಮಾತು ಮಾಡಿತು. ನಾನು ಬೈಯುವ ಮೊದಲೇ ಅವನು ಬಾಗಿಲು ತೆರೆದು ಹಿಡಿದಿದ್ದ. "ಅವರ ಭಾಷಣ ಬೇಗ ಮುಗಿಯಲ್ಲ. ಕೂತ್ಕೊಳ್ಳಿ."

ಬಲಗಡೆಯ ಸೀಟು, ಕ್ಯಾಪ್ಟನ್ನಿನ ಸೀಟು. ಹತ್ತಿ ಕೂತೆ. ಇಂಧನದ ವಾಸನೆ, ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ. ಕಾಲು ತಾವೇ ಪೆಡಲ್ ಹುಡುಕಿಕೊಂಡವು. ಎಡಗೈ ಲಿವರಿನ ಮೇಲೆ ಹೋಗಿ ಕೂತಿತು. ಎಷ್ಟೋ ದಿನದಿಂದ ಗಾಳಿಯನ್ನೇ ಹಿಡಿಯುತ್ತಿದ್ದ ಕೈಗೆ ಕೊನೆಗೂ ಹಿಡಿಯಲು ಏನೋ ಸಿಕ್ಕಿತು. ಗಾಜಿನ ಆಚೆ ಬರೀ ಆಕಾಶ. ಕಣ್ಣು ಮಂಜಾಯಿತು. ಒರೆಸಿಕೊಳ್ಳುವುದಕ್ಕೆ ಲಿವರ್ ಬಿಡಬೇಕಾಗುತ್ತದೆ ಅಂತ ಹಾಗೇ ಬಿಟ್ಟೆ.

ಅಷ್ಟರಲ್ಲಿ ಬಂದೋಬಸ್ತಿನ ಕಾನ್ಸ್‌ಟೇಬಲ್ ಬಂದು ಲಾಠಿಯಿಂದ ಬಾಗಿಲು ತಟ್ಟಿದರು.

"ಏನಮ್ಮ, ಫೋಟೋ ತೆಗೆಸ್ಕೊಂಡ್ರಲ್ಲ, ಸಾಕು ಇಳೀರಿ. ಅದು ಆಟದ ಸಾಮಾನಲ್ಲ."

೭. ಬೆಂಕಿ

ಮಾರನೇ ದಿನವೇ ಬೆಂಗಳೂರಿಗೆ ಹೋಗಿ ಪರೀಕ್ಷೆಯ ಪುಸ್ತಕಗಳನ್ನು ಹೊತ್ತುಕೊಂಡೇ ಮನೆಗೆ ಬಂದೆ. ಅಮ್ಮ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಹೇಳುವುದಕ್ಕೆ ನನಗೆ ಹೆದರಿಕೆ. ಇಷ್ಟು ವರ್ಷ ಜೀವ ಕೈಯಲ್ಲಿ ಹಿಡಿದುಕೊಂಡು ಕಾದವಳು, ಈಗ ತಾನೇ ಮಗಳು ನೆಲಕ್ಕೆ ಬಂದಳು ಅಂತ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದವಳು.

"ಅಮ್ಮ, ಮತ್ತೆ ಹಾರೋದಕ್ಕೆ ಪರೀಕ್ಷೆ ಬರೀತೀನಿ."

ಮೆಷಿನ್ ನಿಂತಿತು. ಅಮ್ಮ ಸೂಜಿಯ ದಾರ ನೋಡುತ್ತಾ ಕೇಳಿದಳು.

"ದೂರಾನಾ?"

"ಪರೀಕ್ಷೆ ಬೆಂಗಳೂರಲ್ಲೇ."

"ಪರೀಕ್ಷೆ ಅಲ್ವೇ. ಆಮೇಲೆ."

ಇಲ್ಲೇ ಹತ್ತಿರ ಅನ್ನಬೇಕು ಅಂತ ಬಾಯಿಗೆ ಬಂತು. ಅನ್ನಲಿಲ್ಲ. "ದೂರಾನೇ ಆಗಬೋದು ಅಮ್ಮ."

ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. "ಹಂಗಾದ್ರೆ ಚೆನ್ನಾಗಿ ಓದು" ಅಂದು ಮತ್ತೆ ತುಳಿಯತೊಡಗಿದಳು.

ನಾನು ಓದಿದೆ, ಹಗಲೆಲ್ಲ ಓದಿದೆ. ಬರೆಯುವ ಪರೀಕ್ಷೆಯ ಜೊತೆಗೆ ಹಾರಿಸಿ ತೋರಿಸುವ ಪರೀಕ್ಷೆಯೂ ಇರುತ್ತದೆ. ಹಾರುವಾಗ ಇಂಜಿನ್ನಿಗೆ ಬೆಂಕಿ ಬಿದ್ದರೆ ಏನೇನು ಮಾಡಬೇಕು ಅನ್ನುವುದು ಬಾಯಿಗೂ ಕೈಗೂ ಒಟ್ಟಿಗೆ ಬರಬೇಕು. ಅದಕ್ಕೆ ಒಬ್ಬರು ಅಪಾಯ ಕೂಗಬೇಕು, ಇನ್ನೊಬ್ಬರು ಮಾಡುತ್ತಾ ಹೇಳಬೇಕು. ಕೂಗುವುದಕ್ಕೆ ಅಮ್ಮ ಸಿಕ್ಕಳು. ಏನೇನು ಕೂಗಬೇಕು ಅಂತ ಹೇಳಿಕೊಟ್ಟೆ, ಎರಡೇ ದಿನದಲ್ಲಿ ಅವಳಿಗೆ ಬಾಯಿಪಾಠ.

ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಅದು ಸೀಟು. ಮಂಡಿಗಳ ಮಧ್ಯೆ ರಾಗಿಮುದ್ದೆ ತಿರುವುವ ಕೋಲು. ಅದು ದಿಕ್ಕು ತಿರುಗಿಸುವ ಕಡ್ಡಿ. ಕಾಲಿನ ಕೆಳಗೆ ಎರಡು ಚಪ್ಪಲಿ, ಪೆಡಲ್. ಎಡಗೈಗೆ ಮಡಿಸಿದ ಕಪ್ಪು ಕೊಡೆ, ಬಟನ್ ಒತ್ತಿದರೆ ಬಿಚ್ಚಿಕೊಳ್ಳುವಂಥದ್ದು. ಅದು ಲಿವರ್.

"ಇಂಜಿನ್ ಸದ್ದು ಬೇಡ್ವೇನೇ?" ಅಂತ ಅಮ್ಮನೇ ಕೇಳಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ನನ್ನನ್ನು ಸಾಕಿದ ಆ ಮೆಷಿನ್ನಿಗೆ ವಯಸ್ಸಾಗಿದೆ. ಸದ್ದು ಮಾತ್ರ ಥೇಟ್ ಹೆಲಿಕಾಪ್ಟರ್.

ಒಂದು ಸಂಜೆ ಮುಂಬಾಗಿಲು ತೆರೆದೇ ಇತ್ತು. ಅಮ್ಮ ಜೋರಾಗಿ ತುಳಿಯುತ್ತಿದ್ದವಳು ಎದೆ ತುಂಬ ಉಸಿರು ತೆಗೆದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಬೆಂಕಿ! ಬೆಂಕಿ! ಒಂದನೇ ಇಂಜಿನ್ನಿಗೆ ಬೆಂಕಿ!"

ನಾನು ಕಣ್ಣು ಮುಚ್ಚಿಕೊಂಡು ಶುರುಮಾಡಿದೆ. "ವೇಗ ಕಡಿಮೆ. ಒಂದನೇ ಇಂಜಿನ್ ಬಂದ್. ಇಂಧನ ಬಂದ್. ಬೆಂಕಿ ಆರಿಸೋ ಸಿಲಿಂಡರ್, ಒತ್ತಿದೆ..."

ಒತ್ತಿದೆ ಅನ್ನುವುದಕ್ಕೂ ಒಂದು ಬಕೆಟ್ ನೀರು ನನ್ನ ಮುಖದ ಮೇಲೆ ಬೀಳುವುದಕ್ಕೂ ಸರಿಹೋಯಿತು.

ಕಣ್ಣು ಬಿಟ್ಟೆ. ವಾಕಿಂಗ್ ಹೊರಟಿದ್ದ ನಿವೃತ್ತ ನೌಕರರ ಸಂಘ ಇಡಿಯಾಗಿ ನಡುಮನೆಯಲ್ಲಿತ್ತು. ಮೇಷ್ಟ್ರ ಕೈಯಲ್ಲಿ ನಮ್ಮದೇ ನಲ್ಲಿಯ ಕೆಳಗಿದ್ದ ಖಾಲಿ ಬಕೆಟ್. ಕಾರ್ಯದರ್ಶಿಯ ಕೈಯಲ್ಲಿ ತುಂಬಿದ ಬಕೆಟ್, ಎಲ್ಲಿಗೆ ಸುರಿಯಬೇಕು ಅಂತ ಹುಡುಕುತ್ತಿದ್ದರು. ಅವರ ಹಿಂದೆ ಪಕ್ಕದ ಮನೆಯ ಅಜ್ಜಿ, ಒಂದು ಚೊಂಬು ನೀರು ಹಿಡಿದುಕೊಂಡು.

"ಎಲ್ಲಮ್ಮ ಬೆಂಕಿ?" ಮೇಷ್ಟ್ರು ಏದುಸಿರು ಬಿಡುತ್ತಾ ಕೇಳಿದರು.

"ಒಂದನೇ ಇಂಜಿನ್ನಿಗೆ" ಅಂದಳು ಅಮ್ಮ.

ಮೇಷ್ಟ್ರು ಮೆಷಿನ್ ನೋಡಿದರು. ಒದ್ದೆ ಮುದ್ದೆಯಾಗಿ, ಮುದ್ದೆ ಕೋಲು ಹಿಡಿದು ಕೂತ ನನ್ನನ್ನು ನೋಡಿದರು. ಬಕೆಟ್ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. "ರಿಟೈರ್ ಆದೋರಿಗೆ ಯಾಕಮ್ಮ ಇದೆಲ್ಲ?"

"ರಿಟೈರ್ ಆದೋರು ನೀವು ಮೇಷ್ಟ್ರೇ" ಅಂದಳು ಅಮ್ಮ. "ನನ್ನ ಮಗಳು ರಜಕ್ಕೆ ಬಂದವ್ಳೆ. ರಜ ಮುಗೀತು, ಇನ್ನೇನು ಹೊರಡ್ತಾಳೆ."

ನಾನು ಅಮ್ಮನನ್ನೇ ನೋಡುತ್ತಾ ಕೂತೆ. ಅಷ್ಟು ದಿನ ಹಾಲಿನ ಬೂತಿನಲ್ಲಿ, ಬೀದಿಯಲ್ಲಿ, ನೆಂಟರ ಮನೆಯಲ್ಲಿ ಅವಳು ಹೇಳಿಕೊಂಡು ತಿರುಗಿದ್ದು ಸುಳ್ಳಲ್ಲ ಅಂತ ಆಗ ಗೊತ್ತಾಯಿತು.

"ಏನೇ, ಕೈ ಯಾಕೆ ನಿಲ್ಲಿಸ್ದೆ?" ಅಮ್ಮ ಗದರಿದಳು. "ಒಂದು ಇಂಜಿನ್ ಹೋದ್ರೆ ಹೋಯ್ತು, ಇನ್ನೊಂದು ಐತಲ್ಲ. ಎತ್ತು, ಎತ್ತು!"

ಅವಳು ಮೆಷಿನ್ ತುಳಿದಳು. ಸಂಘದವರು ಬಕೆಟ್ ಸಮೇತ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ನಾನು ಎಡಗೈ ಮೇಲಕ್ಕೆ ಎತ್ತಿದೆ, ಎಷ್ಟು ಎತ್ತರ ಹೋಗುತ್ತದೋ ಅಷ್ಟು. ಹೆಬ್ಬೆರಳು ಬಟನ್ ಒತ್ತಿಬಿಟ್ಟಿತು. ಫಟ್ ಅಂತ ಕೊಡೆ ನನ್ನ ತಲೆಯ ಮೇಲೆ ಬಿಚ್ಚಿಕೊಂಡಿತು.

ಅಜ್ಜಿ ಹುಬ್ಬಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

"ಅಂತೂ ಇವತ್ತು ಮೇಲೆ ಏನೋ ಬಂತು ಕಣಮ್ಮ!"